ಟೆಂಡರ್ ಹೊತ್ತಿಗೆ ಮುಗ್ಗರಿಸುತ್ತಿದ್ದ ಸರ್ವರ್: ಶಿರಸಿ ಸೀಮೆಯ ಒಂದು ಪ್ರಕರಣ

ಅಡಿಕೆ ಮಾರಾಟ ಮಾಡುವ ಒಂದು ಸಹಕಾರಿ ಸಂಘದಲ್ಲಿ ನಡೆದದ್ದು ಇದು. ಸಂಘ ಶಿರಸಿ ಸೀಮೆಯದು ಎನ್ನುವುದೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ಅಳಿಸಿದ್ದೇನೆ. ವಾರ, ಲಾಟಿನ ಲೆಕ್ಕಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಸರ್ವರ್ ಯಾಕೆ ನಿಧಾನವಾಗಿದೆ ಎಂದು ಹುಡುಕುವ ಇದೇ ಕೆಲಸ ಮಾಡುವ ಬೇರೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಸಂಘದ ಯಾರ್ಡಿನಲ್ಲಿ ಬೆಳಿಗ್ಗೆಯೇ ಚೀಲ ಇಳಿಯುತ್ತದೆ. ತೂಕವಾಗಿ, ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆಯಾಗಿ, ಒಬ್ಬೊಬ್ಬ ರೈತನ ಅಡಿಕೆಗೂ ಲಾಟು ನಂಬರ್ ಬೀಳುತ್ತದೆ. ವ್ಯಾಪಾರಸ್ಥರು ಗುಡ್ಡೆಯ ಮುಂದೆ ನಿಂತು, ಮುಷ್ಟಿಯಲ್ಲಿ ಅಡಿಕೆ ಎತ್ತಿ, ಒಂದೆರಡನ್ನು ಕತ್ತರಿಸಿ ನೋಡಿ, ಕ್ವಿಂಟಲಿಗೆ ಇಷ್ಟೆಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮಧ್ಯಾಹ್ನ ಒಂದಕ್ಕೆ ಆ ಚೀಟಿಗಳು ಕಚೇರಿಯೊಳಗೆ ಬರುತ್ತವೆ. ನಾಲ್ಕು ಕಂಪ್ಯೂಟರಿನಲ್ಲಿ ನಾಲ್ಕು ಜನ ಕೂತು ದರ ತುಂಬುತ್ತಾರೆ. ಒಂದು ಲಾಟಿಗೆ ಬಂದ ದರಗಳು ಸಾಮಾನ್ಯವಾಗಿ ಇಪ್ಪತ್ತೆರಡರ ಆಸುಪಾಸು. ಎಲ್ಲವನ್ನೂ ಒಂದೇ ಪರದೆಯಲ್ಲಿ ಹಾಕಿ ಸೇವ್ ಒತ್ತುವುದು. ಎಲ್ಲ ಲಾಟು ಮುಗಿದ ಮೇಲೆ ಟೆಂಡರ್ ಘೋಷಣೆ. ದರ ಒಪ್ಪಿಗೆಯಾದವರು ಸಹಿ ಹಾಕಿ, ನಾಲ್ಕರ ಮೇಲೆ ಪಾವತಿ ಕೌಂಟರಿನ ಕಡೆ ನಡೆಯುತ್ತಾರೆ.

ಇಷ್ಟಕ್ಕೂ ಇದ್ದದ್ದು ಒಂದೇ ಸರ್ವರ್. ಪಾವತಿ ಕೌಂಟರಿನ ಹಿಂದಿನ ಚಿಕ್ಕ ಕೋಣೆಯಲ್ಲಿ, ಯುಪಿಎಸ್ ಪಕ್ಕ. ನಾಲ್ಕು ಕೋರಿನ ಪ್ರೊಸೆಸರ್, ನಿಮಿಷಕ್ಕೆ 7200 ಸುತ್ತಿನ ಎರಡು ಹಾರ್ಡ್ ಡಿಸ್ಕ್, ಅವೆರಡನ್ನೂ ಒಂದರ ಪ್ರತಿ ಇನ್ನೊಂದಾಗಿ ಇಡುವ ರೇಡ್ ಕಾರ್ಡ್. ಲಿನಕ್ಸಿನ ಉಬುಂಟು 20.04, ಅದರ ಮೇಲೆ ಮರಿಯಾಡಿಬಿ ಎಂಬ ಡೇಟಾಬೇಸ್. ವಯಸ್ಸು ಐದು ವರ್ಷ.

ಫೆಬ್ರವರಿಯಿಂದ ತಕರಾರು ಶುರುವಾಗಿತ್ತು. ಬೆಳಿಗ್ಗೆ ಎಲ್ಲ ಸರಿ. ಒಂದು ಗಂಟೆಗೆ ನಾಲ್ವರೂ ದರ ತುಂಬಲು ಕೂತರೆ ಸೇವ್ ಒತ್ತಿದ ಮೇಲೆ ಪರದೆ ಹಾಗೇ ನಿಲ್ಲುತ್ತಿತ್ತು. ಕಾದು ಕಾದು ಬೇಸತ್ತವರು ಎರಡನೇ ಸಲ ಒತ್ತಿಬಿಡುತ್ತಿದ್ದರು. ಒಂದೇ ದರ ಎರಡು ಸಲ ಕೂತು, ಅದನ್ನು ತೆಗೆಯಲು ಮತ್ತೆ ಹತ್ತು ನಿಮಿಷ. ನಾಲ್ಕಕ್ಕೆ ಆಗಬೇಕಿದ್ದ ಘೋಷಣೆ ಐದು ದಾಟಿ, ಕೆಲವು ದಿನ ಆರೂ ಆಗುತ್ತಿತ್ತು. ಬನವಾಸಿ ಕಡೆ, ಯಲ್ಲಾಪುರ ಕಡೆ ಹೋಗುವವರಿಗೆ ಬಸ್ಸಿನ ಚಿಂತೆ. "ಕೈಬರಹದ ಕಾಲದಲ್ಲೇ ಐದಕ್ಕೆ ಮನೆಲಿ ಇರ್ತಿದ್ದೆ" ಎಂದು ಒಬ್ಬ ಹಿರಿಯರು ನನ್ನೆದುರೇ ಹೇಳಿದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ನಾನು ಹೋಗುವ ಮೊದಲು

ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಎರಡು ಸಲ ಬಂದು ಹೋಗಿದ್ದರು. ಮೊದಲ ಸಲ ರ‍್ಯಾಮ್ ಅನ್ನು 16 ಜಿಬಿಯಿಂದ 32ಕ್ಕೆ ಏರಿಸಿದರು. ಏನೂ ಬದಲಾಗಲಿಲ್ಲ. ಆಗುವಂತೆಯೂ ಇರಲಿಲ್ಲ. ಮರಿಯಾಡಿಬಿ ತನ್ನ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ಬಫರ್ ಪೂಲ್ ಎಂದು ಹೆಸರು. ನಾವಾಗಿ ಬದಲಿಸದಿದ್ದರೆ ಅದರ ಗಾತ್ರ 128 ಎಂಬಿ. ಅದನ್ನು ಯಾರೂ ಮುಟ್ಟಿರಲಿಲ್ಲ. ಕಣಜ ದೊಡ್ಡದು ಮಾಡಿ, ಭತ್ತ ಅಳೆಯಲು ಮಾತ್ರ ಅದೇ ಹಳೆ ಸಿದ್ದೆ ಇಟ್ಟುಕೊಂಡ ಹಾಗೆ.

ಎರಡನೇ ಸಲ ಬಂದವರು ಟೆಂಡರ್ ಹೊತ್ತಿನಲ್ಲೇ ನೋಡಿದರು. ಲೋಡ್ ಆವರೇಜ್, ಅಂದರೆ ಓಡುತ್ತಿರುವ, ಸರದಿಯಲ್ಲಿ ಕಾದಿರುವ ಕೆಲಸಗಳ ಸರಾಸರಿ ಸಂಖ್ಯೆ, 9. ಕೋರ್ ಇರುವುದು ನಾಲ್ಕು. ನಾಲ್ಕು ಜನ ಮಾಡುವ ಕೆಲಸಕ್ಕೆ ಒಂಬತ್ತು ಜನರ ಕೆಲಸ ಬಂದಿದೆ, ಪ್ರೊಸೆಸರ್ ಸಾಲುವುದಿಲ್ಲ, ಸೀಸನ್ನಿನ ಹೊರೆ ಈ ಯಂತ್ರಕ್ಕೆ ಆಗುವುದಿಲ್ಲ ಎಂದು ಬರೆದು, ಹೊಸ ಸರ್ವರಿನ ದರಪಟ್ಟಿ ಕೊಟ್ಟು ಹೋದರು. ಆಡಳಿತ ಮಂಡಳಿಯ ಸಭೆಗೆ ಹತ್ತು ದಿನ ಇತ್ತು. ಕಾರ್ಯದರ್ಶಿಯವರು ನನಗೆ ಫೋನ್ ಮಾಡಿದ್ದು ಆಗ. "ತಮ್ಮಾ, ದುಡ್ಡು ಕೊಡೂದು ದೊಡ್ಡ ಮಾತಲ್ಲ. ಕೊಟ್ಟಮೇಲೂ ಹಿಂಗೇ ಆದ್ರೆ ನಾ ಎಂತ ಹೇಳವು?"

ಒಂಬತ್ತು ಎನ್ನುವ ಸಂಖ್ಯೆ

ಮೊದಲ ಭೇಟಿ ದಂಡ. ಬೆಳಿಗ್ಗೆ ಹತ್ತಕ್ಕೆ ಹೋದೆ. ಲೋಡ್ 0.3. ತೇರು ಎಳೆದಾದ ಮರುದಿನ ಜಾತ್ರೆಗೆ ಹೋದಂತಾಯಿತು. ಹಳೆಯ ದಾಖಲೆ ನೋಡೋಣವೆಂದರೆ, ಅಳತೆಗಳನ್ನು ಕೂಡಿಡುವ ಸಿಸ್‌ಸ್ಟ್ಯಾಟ್ ಇನ್‌ಸ್ಟಾಲ್ ಆಗಿತ್ತು, ಒಂದು ದಿನವೂ ಬರೆದಿರಲಿಲ್ಲ. ಉಬುಂಟುವಿನಲ್ಲಿ ಅದು ಹಾಗೆಯೇ ಬರುತ್ತದೆ: ಸಂರಚನೆ ಕಡತದಲ್ಲಿ ಎನೇಬಲ್ಡ್ ಎನ್ನುವ ಕಡೆ ಫಾಲ್ಸ್ ಎಂದಿರುತ್ತದೆ, ನಾವೇ ಟ್ರೂ ಮಾಡಬೇಕು. ಮಾಡಿದೆ. ಹತ್ತು ನಿಮಿಷಕ್ಕೊಮ್ಮೆ ಬರೆಯುವ ಅದರ ರೂಢಿಯನ್ನು ಒಂದು ನಿಮಿಷಕ್ಕೆ ಇಳಿಸಿದೆ. ಹತ್ತು ನಿಮಿಷದ ಸರಾಸರಿಯಲ್ಲಿ ಮೂರು ನಿಮಿಷದ ಸಂಕಟ ಕರಗಿ ಹೋಗುತ್ತದೆ.

ಮರುದಿನ ಒಂದು ಗಂಟೆಗೆ, ದರ ತುಂಬುವ ಅಕ್ಕನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಅವರು ಸೇವ್ ಒತ್ತಿದಾಗೆಲ್ಲ ನಾನು ಕೈಗಡಿಯಾರ ನೋಡುವುದು. ಹನ್ನೊಂದು ಸೆಕೆಂಡ್, ಹತ್ತು, ಹದಿಮೂರು, ಹನ್ನೊಂದು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಸರ್ವರಿನ ಅಂಕಿಗಳು ಓಡುತ್ತಿದ್ದವು. ಲೋಡ್ 9 ಸರಿಯೇ. ಆದರೆ ಪ್ರೊಸೆಸರ್ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ನೂರರಲ್ಲಿ ಹನ್ನೊಂದು ಪಾಲು. ಅರವತ್ತು ಪಾಲು ಡಿಸ್ಕಿಗಾಗಿ ಕಾಯುವುದು, ಉಳಿದದ್ದು ಬರೀ ಖಾಲಿ.

ಲೋಡ್ ಎಂದರೆ ಪ್ರೊಸೆಸರಿನ ಹೊರೆ ಎಂದು ತಿಳಿಯುವುದು ಹಳೆಯ ಯುನಿಕ್ಸ್ ಲೆಕ್ಕ. ಲಿನಕ್ಸ್ 1993ರಿಂದ ಆ ಲೆಕ್ಕಕ್ಕೆ ಇನ್ನೊಂದು ಗುಂಪನ್ನೂ ಸೇರಿಸುತ್ತದೆ: ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತ, ಎಬ್ಬಿಸಿದರೂ ಏಳದ ಸ್ಥಿತಿಯಲ್ಲಿರುವ ಪ್ರೊಸೆಸ್‌ಗಳು. ಯಾರ್ಡಿನ ಗೇಟಿನ ಹೊರಗೆ ಒಂಬತ್ತು ಲಾರಿ ನಿಂತಿವೆ ಎಂದುಕೊಳ್ಳಿ. ರಸ್ತೆಯಲ್ಲಿ ನಿಂತು ನೋಡಿದವ "ಹಮಾಲರು ಸಾಲುವುದಿಲ್ಲ" ಎನ್ನುತ್ತಾನೆ. ಒಳಗೆ ಹೋಗಿ ನೋಡಿದರೆ ಹಮಾಲರೆಲ್ಲ ಕವಳ ಹಾಕಿಕೊಂಡು ಹರಟುತ್ತಿದ್ದಾರೆ. ಲಾರಿಗಳು ನಿಂತಿರುವುದು ತೂಕದ ಕಟ್ಟೆಯ ಮುಂದೆ. ಹೊಸ ಪ್ರೊಸೆಸರ್ ತಂದಿದ್ದರೆ ಇನ್ನೂ ನಾಲ್ಕು ಜನ ಹಮಾಲರು ಕವಳಕ್ಕೆ ಸೇರುತ್ತಿದ್ದರು.

ಡಿಸ್ಕಿನ ಓದುಬರಹ ಅಳೆಯುವ ಐಒಸ್ಟ್ಯಾಟ್ ತೆರೆದೆ. ಸೆಕೆಂಡಿಗೆ 90 ಬರಹ, ಎಲ್ಲ ಸೇರಿ 700 ಕೆಬಿ. ಒಂದೊಂದು ಬರಹಕ್ಕೂ 85 ಮಿಲಿಸೆಕೆಂಡ್ ಕಾಯುವಿಕೆ. ಸರದಿಯಲ್ಲಿ ಸರಾಸರಿ ಏಳೂವರೆ. 90ನ್ನು 0.085ರಿಂದ ಗುಣಿಸಿದರೆ 7.65, ಅಂದರೆ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿದ್ದವು. ಅಳತೆ ಸುಳ್ಳು ಹೇಳುತ್ತಿಲ್ಲ ಎಂದು ನೋಡಿಕೊಳ್ಳಲು ನಾನು ಯಾವಾಗಲೂ ಈ ಗುಣಾಕಾರ ಮಾಡುತ್ತೇನೆ.

ಡೇಟಾಬೇಸಿನ ನಿಧಾನ ಕ್ವೆರಿಗಳ (ಡೇಟಾಬೇಸಿಗೆ ಹೋಗುವ ಆದೇಶಗಳ) ಲಾಗ್ ಖಾಲಿ ಇತ್ತು. ಕಂಪನಿಯವರು ಅದನ್ನು ತೋರಿಸಿಯೇ "ನಮ್ಮ ಸಾಫ್ಟ್‌ವೇರಿನಲ್ಲಿ ದೋಷವಿಲ್ಲ" ಎಂದಿದ್ದರಂತೆ. ಆ ಲಾಗ್ ತಾನಾಗಿ ಬರೆದುಕೊಳ್ಳುವುದು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದದ್ದನ್ನು ಮಾತ್ರ. ಮಿತಿಯನ್ನು ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ ಕೂಡಲೇ ಪರದೆ ತುಂಬ ಕಾಣಿಸಿಕೊಂಡವು, ಒಂದೊಂದೂ 0.17 ಸೆಕೆಂಡಿನ ಆಸುಪಾಸು. ಲಾಟಿನ ಪ್ರತಿ ದರಕ್ಕೂ ಮೂರು ಬರಹ, ಪ್ರತಿ ಬರಹಕ್ಕೂ ಬೇರೆ ಬೇರೆ ಕಮಿಟ್, ಅಂದರೆ ಇದನ್ನು ಖಾಯಂ ಮಾಡು ಎಂಬ ಆದೇಶ. 22 ದರ ಎಂದರೆ 66 ಕಮಿಟ್. ಅರವತ್ತಾರು ಸಲ 0.17 ಎಂದರೆ ಅಕ್ಕನ ಹನ್ನೊಂದು ಸೆಕೆಂಡ್.

ಇಲ್ಲಿಯವರೆಗೆ ದಾರಿ ಸರಿಯಿತ್ತು.

ನನ್ನ ತಪ್ಪು

ಡಿಸ್ಕ್ ನಿಧಾನ ಎಂದು ಗೊತ್ತಾದ ಮೇಲೆ ಡಿಸ್ಕ್ ಕೆಟ್ಟಿದೆ ಎಂದು ನಾನೇ ಊಹಿಸಿಕೊಂಡೆ. ರೇಡ್ ಕಾರ್ಡಿನ ಹಿಂದಿರುವ ಡಿಸ್ಕ್‌ಗಳ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದು ನೋಡಿದೆ. ಒಂದು ಪೂರ್ತಿ ಶುದ್ಧ. ಇನ್ನೊಂದರಲ್ಲಿ ಎಂಟು ಸೆಕ್ಟರ್ (ಡಿಸ್ಕಿನ ಚಿಕ್ಕ ಖಾನೆಗಳು) ಕೆಟ್ಟು ಬದಲಿ ಜಾಗಕ್ಕೆ ಹೋಗಿದ್ದವು. ಬದಲಾವಣೆಗೆ ಕಾದಿರುವ ಸೆಕ್ಟರ್ ಸೊನ್ನೆ. ಇಷ್ಟೇ ಪುರಾವೆ. ಇಷ್ಟಕ್ಕೇ, ಡಿಸ್ಕ್ ಸಾಯಲು ಹೊರಟಿದೆ ಎಂದು ಕಾರ್ಯದರ್ಶಿಯವರಿಗೆ ಹೇಳಿ, ಹುಬ್ಬಳ್ಳಿಯಿಂದ ಹೊಸದು ತರಿಸಿ, ಗುರುವಾರ ಸಂಜೆ ಬದಲಿಸಿದೆ.

ಹೊಸ ಡಿಸ್ಕಿಗೆ ಹಳೆಯದರ ಪ್ರತಿ ತುಂಬಬೇಕು. 2 ಟಿಬಿ. ಬೆಳಗಾಗುವುದರೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಶುಕ್ರವಾರ ಮಧ್ಯಾಹ್ನ ಒಂದಕ್ಕೆ ನೋಡಿದರೆ ನೂರಕ್ಕೆ ಎಪ್ಪತ್ತು. ಮೊದಲೇ ಏದುಸಿರು ಬಿಡುತ್ತಿದ್ದ ಡಿಸ್ಕಿಗೆ ಈ ಹೊರೆಯೂ ಸೇರಿ, ಆ ವಾರದಲ್ಲೇ ಹೆಚ್ಚು ಲಾಟು ಬಂದ ದಿನ, ಸೇವ್ ಒತ್ತಿದರೆ ಮೂವತ್ತು, ನಲವತ್ತು ಸೆಕೆಂಡ್. ಘೋಷಣೆ ಆದದ್ದು ಏಳು ಗಂಟೆಗೆ. ಸಂಘದವರು ಎರಡು ಜೀಪ್ ಮಾಡಿ ಜನರನ್ನು ಊರಿಗೆ ಕಳಿಸಿದರು. ಕಾರ್ಯದರ್ಶಿಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸಿಗೆ ಸ್ವಲ್ಪ ಹಗುರಾಗುತ್ತಿತ್ತು.

ಸೋಮವಾರ ಪ್ರತಿ ತುಂಬಿ ಮುಗಿದಿತ್ತು. ಒಂದು ಗಂಟೆಗೆ ಕೈಗಡಿಯಾರ ಹಿಡಿದು ಕೂತೆ. ಹನ್ನೊಂದು ಸೆಕೆಂಡ್.

ಈಗ ತಿರುಗಿ ನೋಡಿದರೆ, ಉತ್ತರ ಮೊದಲ ದಿನದ ಅಂಕಿಯಲ್ಲೇ ಇತ್ತು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಅಲ್ಲೊಂದು ಇಲ್ಲೊಂದು ಬರೆಯುತ್ತ ಹೋದರೆ ಅಂಥ ಡಿಸ್ಕಿನ ಶಕ್ತಿ ಸೆಕೆಂಡಿಗೆ ನೂರರ ಆಸುಪಾಸೇ. ನಾನು ಕಂಡ 90 ಕೆಟ್ಟ ಡಿಸ್ಕಿನ ಲಕ್ಷಣ ಆಗಿರಲಿಲ್ಲ. ಆರೋಗ್ಯವಂತ ಡಿಸ್ಕೊಂದು ಯಾರ ಸಹಾಯವೂ ಇಲ್ಲದೆ ಬರಿಗೈಯಲ್ಲಿ ಕೆಲಸ ಮಾಡುತ್ತಿರುವ ಲಕ್ಷಣ. ಕೇಳಬೇಕಿದ್ದ ಪ್ರಶ್ನೆ "ಡಿಸ್ಕಿಗೆ ಏನಾಗಿದೆ" ಎಂದಲ್ಲ, "ಇಷ್ಟು ದಿನ ಇದಕ್ಕೆ ಸಹಾಯ ಮಾಡುತ್ತಿದ್ದವರು ಎಲ್ಲಿ ಹೋದರು" ಎಂದು.

ಇನ್ನೊಂದನ್ನೂ ಹೇಳಬೇಕು. ಸರ್ವರಿನ ಕಾರ್ಯಕ್ಷಮತೆ ನೋಡುವವರಲ್ಲಿ ಬ್ರೆಂಡನ್ ಗ್ರೆಗ್ ಅವರ ಯುಎಸ್ಇ ಪದ್ಧತಿ ಗೊತ್ತಿಲ್ಲದವರು ಕಡಿಮೆ: ಪ್ರತಿಯೊಂದು ಭಾಗಕ್ಕೂ ಅದರ ಬಳಕೆ ಎಷ್ಟು, ಸರದಿ ಎಷ್ಟು, ದೋಷ ಏನು ಎಂದು ಮೂರೂ ನೋಡಬೇಕು. ನಾನು ಅದನ್ನು ಬೇರೆಯವರಿಗೆ ಪಾಠ ಮಾಡಿದ್ದೇನೆ. ಇಲ್ಲಿ ಬಳಕೆ ನೋಡಿದೆ, ಸರದಿ ನೋಡಿದೆ, ಡಿಸ್ಕಿನ ದೋಷವನ್ನೂ ನೋಡಿದೆ. ಡಿಸ್ಕಿಗೂ ಪ್ರೊಸೆಸರಿಗೂ ನಡುವೆ ರೇಡ್ ಕಾರ್ಡ್ ಎಂಬ ಇನ್ನೊಂದು ಭಾಗ ಇದೆ, ಅದಕ್ಕೂ ದೋಷಗಳ ಪಟ್ಟಿ ಇರುತ್ತದೆ ಎನ್ನುವುದು ಆ ವಾರ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಕ್ಕನ ಮಾತು, ಮಳೆಯ ಪುಸ್ತಕ

ದಾರಿ ತಿರುಗಿಸಿದ್ದು ಆ ಸೋಮವಾರ ದರ ತುಂಬುವ ಅಕ್ಕ ಆಡಿದ ಒಂದು ಮಾತು. ಚಾ ಕುಡಿಯುತ್ತ, ತನ್ನಷ್ಟಕ್ಕೇ ಎಂಬಂತೆ ಹೇಳಿದರು: "ಹೋದ ವರ್ಷ ಇದಕ್ಕಿಂತ ಜಾಸ್ತಿ ಲಾಟು ಬಂದಿತ್ತು. ಆವಾಗ ಹಿಂಗೆ ಆಗಿತ್ತಿಲ್ಲೆ."

ಇದೇ ಸರ್ವರ್, ಇದೇ ಸಾಫ್ಟ್‌ವೇರ್, ಹೋದ ಸೀಸನ್ನಿನಲ್ಲಿ ಹೆಚ್ಚಿನ ಹೊರೆ ಹೊತ್ತಿತ್ತು. ಹಾಗಾದರೆ ಹೊರೆ ಕಾರಣವಲ್ಲ. ನಡುವೆ ಏನೋ ಬದಲಾಗಿದೆ. ಯಾವಾಗ? ಸಿಸ್‌ಸ್ಟ್ಯಾಟ್ ಒಂದು ವಾರದಿಂದ ಈಚೆಗೆ ಬರೆಯುತ್ತಿದೆ. ಕಳೆದ ವರ್ಷದ ಅಳತೆ ಎಲ್ಲಿಂದ ತರುವುದು?

ಅಳತೆ ಡೇಟಾಬೇಸಿನಲ್ಲೇ ಇತ್ತು. ಪ್ರತಿ ದರದ ಸಾಲಿಗೂ, ಅದು ಒಳಗೆ ಬಂದ ಹೊತ್ತು ತಾನಾಗಿ ಬೀಳುತ್ತದೆ. ಸಾಫ್ಟ್‌ವೇರ್ ಬರೆದವರು ಎಲ್ಲ ದರಗಳನ್ನು ಒಂದೇ ಕಂತಿನಲ್ಲಿ ಹಾಕದೆ ಒಂದೊಂದಾಗಿ ಹಾಕಿದ್ದರಿಂದ, ಲಾಟಿನ ಮೊದಲ ದರದ ಹೊತ್ತಿಗೂ ಕೊನೆಯ ದರದ ಹೊತ್ತಿಗೂ ಇರುವ ಅಂತರವೇ ಸೇವ್ ಆಗಲು ಹಿಡಿದ ಸಮಯ. ಅವರ ಸೋಮಾರಿತನ ನನಗೆ ಗಡಿಯಾರವಾಯಿತು. ಎರಡು ವರ್ಷದ ಎಲ್ಲ ಲಾಟುಗಳಿಗೂ ಆ ಅಂತರ ತೆಗೆದು, ದಿನವಾರು ಸಾಲು ಮಾಡಿದೆ.

ಹೋದ ಸೀಸನ್ ಪೂರ್ತಿ ಸೊನ್ನೆ ಅಥವಾ ಒಂದು ಸೆಕೆಂಡ್. ಜೂನ್, ಸೊನ್ನೆ. ಜುಲೈ ಮೂರನೇ ವಾರದ ಒಂದು ಬುಧವಾರದಿಂದ ಎರಡು. ಅಲ್ಲಿಂದ ಮುಂದೆ ಒಂದು ದಿನವೂ ಸೊನ್ನೆ ಇಲ್ಲ. ಮಳೆಗಾಲದಲ್ಲಿ ದಿನಕ್ಕೆ ಮೂವತ್ತು ನಲವತ್ತು ಲಾಟು, ಒಬ್ಬರೇ ಕೂತು ತುಂಬುವುದು. ಎರಡು ಸೆಕೆಂಡ್ ಯಾರ ಗಮನಕ್ಕೂ ಬಂದಿಲ್ಲ. ಜನವರಿಯಲ್ಲಿ ನಾಲ್ಕು, ಫೆಬ್ರವರಿಯಲ್ಲಿ ನಾಲ್ವರೂ ಕೂತ ಮೇಲೆ ಹನ್ನೊಂದು. ರೋಗ ಬಂದದ್ದು ಆಷಾಢದ ಮಳೆಯಲ್ಲಿ, ಕಂಡದ್ದು ಸೀಸನ್ನಿನಲ್ಲಿ. ಹಾಗಾಗಿ ಎಲ್ಲರೂ ಸೀಸನ್ನನ್ನೇ ದೂರಿದರು. ನಾನೂ ಅವರಲ್ಲೊಬ್ಬ.

ಆ ಬುಧವಾರ ಏನಾಗಿತ್ತು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಕಾರ್ಯದರ್ಶಿಯವರು ಮಾತ್ರ "ನಾಳೆ ಹೇಳ್ತೆ" ಎಂದರು. ಈ ಸೀಮೆಯ ತೋಟಿಗರ ಮನೆಗಳಲ್ಲಿ ಮಳೆ ಅಳೆದು ಬರೆದಿಡುವವರು ಕೆಲವರಿದ್ದಾರೆ. ಅವರೂ ಒಬ್ಬರು. ಅಂಗಳದಲ್ಲಿ ಮಳೆಮಾಪಕ, ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ, ಕೆಂಪು ಬಟ್ಟೆ ಬೆನ್ನಿನ ಉದ್ದ ಪುಸ್ತಕ. ಮರುದಿನ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ಬಂದರು. ಆ ವಾರದ ಪುಟದಲ್ಲಿ ಸೋಮವಾರದ ಎದುರು 162 ಮಿ.ಮೀ., ಪಕ್ಕದಲ್ಲಿ ಪೆನ್ಸಿಲಿನಲ್ಲಿ: "ಮರ ಬಿದ್ದು ಪೇಟೆಗೂ ಕರೆಂಟಿಲ್ಲ." ಮಂಗಳವಾರದ ಎದುರು ಬರೀ "ಇಲ್ಲ." ಬುಧವಾರ "ಮಧ್ಯಾಹ್ನ ಬಂತು."

ಎರಡು ದಿನ ಸರ್ವರ್ ಆರಿತ್ತು. ಮತ್ತೆ ಹಚ್ಚಿದಾಗ ಏನೋ ಆಗಿದೆ. ಆಗ ಅಕ್ಕನಿಗೆ ನೆನಪಾಯಿತು. ಅವತ್ತು ಪರದೆಯ ಮೇಲೆ ಬಿಳಿ ಅಕ್ಷರದ ಇಂಗ್ಲಿಷ್ ಬಂದು ನಿಂತುಬಿಟ್ಟಿತ್ತಂತೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಆಚೆ ಕಡೆಯ ಹುಡುಗ "ಕೊನೆಗೆ ಎಂತ ಒತ್ತಲೆ ಹೇಳ್ತು?" ಎಂದು ಓದಿಸಿ, "ಹಾಂಗಾರೆ ಡಿ ಒತ್ತಿ" ಎಂದನಂತೆ. ಒತ್ತಿದರು, ಸರ್ವರ್ ಎದ್ದಿತು, ಕೆಲಸ ನಡೆಯಿತು.

ರೇಡ್ ಕಾರ್ಡಿನ ಬ್ಯಾಟರಿ ಕೆಟ್ಟಾಗ ಕೆಲವು ಕಾರ್ಡುಗಳು ಬೂಟ್ ಹೊತ್ತಿನಲ್ಲಿ ಅಂಥ ಸಂದೇಶ ತೋರಿಸುತ್ತವೆ. ಈ ಎಚ್ಚರಿಕೆ ಇನ್ನು ಬೇಡವೆಂದರೆ ಡಿ ಒತ್ತಿ ಎಂದು ಕೊನೆಯ ಸಾಲು. ಒತ್ತಿದ ಮೇಲೆ ಅದು ಮತ್ತೆ ಕೇಳುವುದಿಲ್ಲ.

ಕಾರ್ಡಿನ ಸ್ವಂತ ಲಾಗ್ ತೆರೆದೆ. ಅದೇ ಬುಧವಾರ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಬ್ಯಾಟರಿ ವಿಫಲ ಎಂಬ ಸಾಲು. ಎಂಟು ತಿಂಗಳಿಂದ ಅಲ್ಲೇ ಕೂತಿತ್ತು.

ಬ್ಯಾಟರಿಯ ಕೆಲಸ ಏನೆಂದರೆ: ಕಾರ್ಡಿನಲ್ಲಿ ಒಂದಿಷ್ಟು ಮೆಮೊರಿ ಇರುತ್ತದೆ. ಡೇಟಾಬೇಸ್ ಕೊಟ್ಟದ್ದನ್ನು ಅದು ಮೊದಲು ಆ ಮೆಮೊರಿಗೆ ಹಾಕಿಕೊಂಡು "ಬರೆದಾಯ್ತು" ಎಂದುಬಿಡುತ್ತದೆ. ಆಮೇಲೆ ನಿಧಾನವಾಗಿ, ಹತ್ತಿರ ಹತ್ತಿರದ್ದನ್ನು ಜೋಡಿಸಿಕೊಂಡು ಡಿಸ್ಕಿಗೆ ಬರೆಯುತ್ತದೆ. ಅಂಗಡಿಯಲ್ಲಿ ಗಿರಾಕಿ ಇದ್ದಾಗ ಕಚ್ಚಾ ಪಟ್ಟಿಯಲ್ಲಿ ಗೀಚಿಕೊಂಡು ರಾತ್ರಿ ಖಾತೆಗೆ ಏರಿಸುವ ಹಾಗೆ. ಇದಕ್ಕೆ ರೈಟ್ ಬ್ಯಾಕ್ ಎನ್ನುತ್ತಾರೆ. ನಡುವೆ ಕರೆಂಟ್ ಹೋದರೆ ಆ ಕಚ್ಚಾ ಪಟ್ಟಿ ಅಳಿಸದಂತೆ ಹಿಡಿದಿಡುವುದು ಬ್ಯಾಟರಿ. ಬ್ಯಾಟರಿ ಸತ್ತಿದ್ದು ಗೊತ್ತಾದ ಕೂಡಲೇ ಕಾರ್ಡ್ ತಾನಾಗಿಯೇ ಕಚ್ಚಾ ಪಟ್ಟಿ ಬಿಟ್ಟು, ಪ್ರತಿಯೊಂದನ್ನೂ ಡಿಸ್ಕಿಗೆ ಬರೆದಾದ ಮೇಲೆಯೇ "ಆಯ್ತು" ಎನ್ನುವ ರೈಟ್ ಥ್ರೂಗೆ ಇಳಿಯುತ್ತದೆ. ಕಾರ್ಡ್ ಮಾಡಿದ್ದು ಸರಿಯಾದ ಕೆಲಸ. ಐದು ವರ್ಷ ಹಳೆಯ ಬ್ಯಾಟರಿಗೆ ಆ ಎರಡು ದಿನದ ಕತ್ತಲೆ ಒಂದು ನೆಪ.

ಸರ್ವರಿನ ಕೋಣೆಗೆ ಹೋಗಿ ಮುಂಭಾಗ ನೋಡಿದೆ. ಆಯುಧ ಪೂಜೆಯಲ್ಲಿ ಹಾಕಿದ ಚೆಂಡುಹೂವಿನ ಹಾರ ಒಣಗಿ ಅಲ್ಲೇ ಇತ್ತು. ಅದನ್ನು ಎತ್ತಿದೆ. ಹಿಂದೆ, ಕುಂಕುಮದ ಬೊಟ್ಟಿನ ಪಕ್ಕ, ಅದೇ ಹೂವಿನ ಬಣ್ಣದ ಒಂದು ಸಣ್ಣ ದೀಪ ಮಿನುಗುತ್ತಿತ್ತು. ನೀಲಿ ಇರಬೇಕಿದ್ದ ದೀಪ. "ಅದು ಹಾರ ಹಾಕೂ ಮೊದ್ಲಿಂದ್ಲೂ ಹಾಂಗೇ ಇದ್ದು" ಎಂದರು ಅಕ್ಕ.

ನಾಲ್ಕು ದಿನದ ನಿರ್ಧಾರ

ಬ್ಯಾಟರಿ ಬೆಂಗಳೂರಿನಿಂದ ಬರಬೇಕು, ನಾಲ್ಕು ದಿನ. ನಡುವೆ ಎರಡು ದೊಡ್ಡ ಟೆಂಡರ್. ಆಗ ಕೈಯಲ್ಲಿದ್ದ ದಾರಿಗಳು ಮೂರು, ನನ್ನ ಮಟ್ಟಿಗೆ ಈ ಪ್ರಕರಣದ ಕಷ್ಟದ ಭಾಗ ಇದೇ.

ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ಮಾಡು ಎಂದು ಕಾರ್ಡಿಗೆ ಬಲವಂತ ಮಾಡಬಹುದು. ಒಂದು ಕಮಾಂಡ್, ಅರ್ಧ ನಿಮಿಷ, ಎಲ್ಲ ಮೊದಲಿನಂತೆ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಮಾತ್ರ, ಬರೆದಾಯಿತು ಎಂದು ಹೇಳಿದ ಎಷ್ಟೋ ಬರಹ ಇಲ್ಲವಾಗುತ್ತದೆ, ಅದೂ ನಡುನಡುವಿನಿಂದ. ಡೇಟಾಬೇಸ್ ಏಳದೆಯೇ ಹೋಗಬಹುದು. ಮೋಡ ಕಟ್ಟಿದರೆ ಕರೆಂಟ್ ಹೋಗುವ ಊರಿನಲ್ಲಿ ನಾನು ಇದನ್ನು ಮಾಡುವುದಿಲ್ಲ. ಮಾಡಿ ಗೆದ್ದವರನ್ನು ಬಲ್ಲೆ. ಮಾಡಿ ರಾತ್ರಿಯೆಲ್ಲ ಬ್ಯಾಕಪ್ ತುಂಬುತ್ತ ಕೂತವರನ್ನೂ ಬಲ್ಲೆ.

ಎರಡನೆಯದು, ಸುಮ್ಮನೆ ಕಾಯುವುದು. ಆ ಶುಕ್ರವಾರದ ಮೇಲೆ ಇದನ್ನು ಹೇಳುವ ಮುಖ ನನಗಿರಲಿಲ್ಲ.

ಮೂರನೆಯದು ಡೇಟಾಬೇಸಿನೊಳಗೆ. ಪ್ರತಿ ಕಮಿಟ್‌ಗೂ ಲಾಗನ್ನು ಡಿಸ್ಕಿನವರೆಗೆ ಒತ್ತಿ ಕಳಿಸುವುದು ಮರಿಯಾಡಿಬಿಯೊಳಗೆ ಡೇಟಾ ಬರೆದಿಡುವ ಭಾಗವಾದ ಇನ್ನೊಡಿಬಿಯ ಕ್ರಮ, ಆ ಸೆಟ್ಟಿಂಗಿನ ಬೆಲೆ 1. ಅದನ್ನು 2 ಮಾಡಿದರೆ ಕಮಿಟ್ ಆಪರೇಟಿಂಗ್ ಸಿಸ್ಟಮ್ ಕೈಗೆ ಕೊಟ್ಟು ಮುಂದೆ ಹೋಗುತ್ತದೆ, ಡಿಸ್ಕಿಗೆ ಸುಮಾರು ಸೆಕೆಂಡಿಗೊಮ್ಮೆ ಒಟ್ಟಾಗಿ ಹೋಗುತ್ತದೆ. ಕರೆಂಟ್ ಹೋದರೆ ಕೊನೆಯ ಒಂದು ಸೆಕೆಂಡಿನಷ್ಟು ಕೆಲಸ ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಸರ್ವರ್ ನಿಲ್ಲಿಸದೆ ಬದಲಿಸಬಹುದು. ಆದರೆ ಇಡೀ ಡೇಟಾಬೇಸಿಗೆ ಒಂದೇ ಬೆಲೆ. ಟೆಂಡರಿಗೆ ಒಂದು, ಪಾವತಿಗೆ ಒಂದು ಎಂದು ಇಡಲು ಬರುವುದಿಲ್ಲ.

ಕಾರ್ಯದರ್ಶಿಯವರು ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಆ ಒಂದು ಸೆಕೆಂಡಿನಲ್ಲಿ ಎಂತ ಇರ್ತು?"

"ಟೆಂಡರ್ ಹೊತ್ತಾದರೆ ಒಂದೆರಡು ಲಾಟಿನ ದರ."

"ಚೀಟಿ ನಮ್ಮ ಹತ್ರನೇ ಇರ್ತಲಾ. ಮತ್ತೆ ಹಾಕಿದ್ರಾತು. ಪಾವತಿ ಆದ್ರೆ?"

"ರೈತನ ಕೈಗೆ ದುಡ್ಡು ಹೋಗಿರ್ತು, ನಮ್ಮ ಲೆಕ್ಕದಲ್ಲಿ ಇರ್ತಿಲ್ಲೆ."

"ಹಾಂಗಾರೆ ಪಾವತಿಗೆ ಬೇಡ."

ಆದ ತೀರ್ಮಾನ: ಟೆಂಡರ್ ದಿನ ಒಂದು ಗಂಟೆಗೆ ಪಾವತಿ ಕೌಂಟರ್ ಮುಚ್ಚಿ, ನಾನು ಬೆಲೆಯನ್ನು 2 ಮಾಡುವುದು. ಘೋಷಣೆ ಆದ ಮೇಲೆ 1ಕ್ಕೆ ತಂದು, "ಆಯ್ತು" ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಕೌಂಟರ್ ತೆರೆಯುವುದು. ತಂತ್ರಜ್ಞಾನದ ಪ್ರಶ್ನೆಯನ್ನು ನಾನು ಕೇಳಿದ್ದೆ. ಯಾವ ಕಾಗದ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯಿಂದ ಅವರು ಅದನ್ನು ಬಿಡಿಸಿದರು. ಎರಡೂ ದಿನ ಸೇವ್ ಒಂದು ಸೆಕೆಂಡಿನೊಳಗೆ ಆಯಿತು. ನಾಲ್ಕಕ್ಕೆ ಮೊದಲೇ ಘೋಷಣೆ.

ಬ್ಯಾಟರಿ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಅದರ ಬೆಲೆ ಹೊಸ ಸರ್ವರಿನ ದರಪಟ್ಟಿಯ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಭಾನುವಾರ ಹಾಕಿದೆ. ಅದು ಚಾರ್ಜ್ ಆಗುವವರೆಗೆ ಕಾರ್ಡ್ ಜಪ್ಪಯ್ಯ ಎನ್ನಲಿಲ್ಲ, ಸಂಜೆ ಹೊತ್ತಿಗೆ ತಾನಾಗಿ ರೈಟ್ ಬ್ಯಾಕ್‌ಗೆ ಮರಳಿತು. 85 ಮಿಲಿಸೆಕೆಂಡ್ ಇದ್ದ ಕಾಯುವಿಕೆ ಒಂದರ ಕೆಳಗೆ ಬಂತು.

ಆಮೇಲೆ

ಬ್ಯಾಟರಿಯೇ ಕಾರಣ ಎಂದು ಮುಗಿಸಿಬಿಟ್ಟರೆ ಅರ್ಧ ಸತ್ಯ. ಒಂದು ಲಾಟಿಗೆ 66 ಕಮಿಟ್ ಮಾಡುವ ಸಾಫ್ಟ್‌ವೇರಿನ ದೋಷವನ್ನು ಆ ಬ್ಯಾಟರಿ ಐದು ವರ್ಷ ಮುಚ್ಚಿಟ್ಟಿತ್ತು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್, ಅಂದರೆ ಕೊನೆಗೆ ಒಂದೇ ಕಮಿಟ್, ಮಾಡಿ ಎಂದು ಕಂಪನಿಯವರಿಗೆ ಬರೆದೆವು. ಬ್ಯಾಟರಿ ಸರಿಹೋದ ಮೇಲೆ ಅದರ ಅಗತ್ಯವೇನು ಎಂದು ಅವರು. ಎರಡು ತಿಂಗಳು ಹಗ್ಗಜಗ್ಗಾಟವಾಗಿ ಕೊನೆಗೆ ಮಾಡಿಕೊಟ್ಟರು. ಇನ್ನೊಮ್ಮೆ ಬ್ಯಾಟರಿ ಸತ್ತರೂ ಸೇವ್ ಆಗಲು ಒಂದು ಸೆಕೆಂಡ್ ಹಿಡಿಯುವುದಿಲ್ಲ. ನನ್ನ ಪ್ರಕಾರ ನಿಜವಾದ ದುರಸ್ತಿ ಅದು. ಅವರ ಪ್ರಕಾರ ಇವತ್ತಿಗೂ ಅಲ್ಲ.

ಅದರಿಂದ ಒಂದು ನಷ್ಟವೂ ಆಯಿತು. ದರಗಳೆಲ್ಲ ಒಂದೇ ಏಟಿಗೆ ಬೀಳುವುದರಿಂದ, ಮೊದಲ ಸಾಲಿಗೂ ಕೊನೆಯ ಸಾಲಿಗೂ ಅಂತರವೇ ಇಲ್ಲ. ನನ್ನ ಗಡಿಯಾರ ಹೋಯಿತು. ಬದಲಿಗೆ, ಸೇವ್ ಒತ್ತಿದಾಗಿನಿಂದ ಪರದೆ ಉತ್ತರ ಕೊಡುವವರೆಗಿನ ಮಿಲಿಸೆಕೆಂಡುಗಳನ್ನು ಪ್ರತಿ ಲಾಟಿನ ಜೊತೆಗೇ ಬರೆದಿಡುವ ಒಂದು ಕಾಲಂ ಹಾಕಿಸಿದೆ. ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ಎನ್ನುವುದೆಲ್ಲ ಸರ್ವರಿನ ಸುಖದುಃಖ. ಅಕ್ಕ ಎಷ್ಟು ಹೊತ್ತು ಕಾದರು ಎನ್ನುವುದು ಸಂಘದ್ದು. ಎರಡರಲ್ಲಿ ಒಂದನ್ನೇ ಅಳೆಯಬಹುದು ಎಂದರೆ ನಾನು ಎರಡನೆಯದನ್ನೇ ಆರಿಸುವುದು.

ಬಣ್ಣಬಣ್ಣದ ಗ್ರಾಫುಗಳ ಗ್ರಾಫಾನಾವನ್ನೂ ಹಾಕಿಕೊಟ್ಟಿದ್ದೆ. ಮೊದಲ ವಾರ ಎಲ್ಲರೂ ಬಂದು ನೋಡಿದರು, ಎರಡನೇ ವಾರ ಯಾರೂ ನೋಡಲಿಲ್ಲ. ಕೊನೆಗೆ ಉಳಿದದ್ದು ಚಿಕ್ಕ ಸ್ಕ್ರಿಪ್ಟ್ ಒಂದು. ದಿನಾ ಬೆಳಿಗ್ಗೆ ಎಂಟೂವರೆಗೆ ಕಾರ್ಯದರ್ಶಿಯವರ ಫೋನಿಗೂ ನನಗೂ ನಾಲ್ಕು ಸಾಲು ಕಳಿಸುತ್ತದೆ: ನಿನ್ನೆ ಎಷ್ಟು ಲಾಟು, ಸೇವ್ ಆಗಲು ಹೆಚ್ಚೆಂದರೆ ಎಷ್ಟು ಹೊತ್ತು, ಡಿಸ್ಕಿನ ಕಾಯುವಿಕೆ ಎಷ್ಟು, ರೇಡ್ ಕಾರ್ಡ್ ಮತ್ತು ಬ್ಯಾಟರಿ ಸರಿ ಇದೆಯೋ ಇಲ್ಲವೋ. ಎಂಟೂವರೆ ಎಂದು ಇಟ್ಟದ್ದು ಅವರು ಮಳೆ ಅಳೆಯುವ ಹೊತ್ತು ಅದೇ ಎಂದು. ಸಿಸ್‌ಸ್ಟ್ಯಾಟ್ ಹಿಂದೆ ನಿಮಿಷಕ್ಕೊಮ್ಮೆ ಬರೆಯುತ್ತಲೇ ಇದೆ, ತಿಂಗಳ ಕಡತ ಪಕ್ಕಕ್ಕೆ ಹೋಗುತ್ತದೆ. ಬಫರ್ ಪೂಲ್ 16 ಜಿಬಿ ಆಗಿದೆ. ವರ್ಷಾಂತ್ಯದ ವರದಿಗಳು ಚುರುಕಾಗಿವೆ, ಮೊದಲು ಹಾಕಿದ ರ‍್ಯಾಮ್ ಹೀಗೆ ಕೆಲಸಕ್ಕೆ ಬಂತು. ಹೊಸ ಸರ್ವರನ್ನು ಆಡಳಿತ ಮಂಡಳಿ ಮುಂದೂಡಿದೆ. ಬೇಡ ಎಂದಿಲ್ಲ, ನಾನೂ ಬೇಡ ಎನ್ನುವುದಿಲ್ಲ, ಯಂತ್ರಕ್ಕೆ ವಯಸ್ಸಾಗಿರುವುದು ನಿಜ. ನನ್ನ ತಪ್ಪಿಗೆ ಹೊರಬಿದ್ದ ಹಳೆ ಡಿಸ್ಕ್ ಸಂಘದ ಕಪಾಟಿನಲ್ಲಿದೆ. ಆಗಾಗ ಹಾಕಿ ನೋಡುತ್ತೇನೆ. ಬದಲಿಯಾದ ಸೆಕ್ಟರ್ ಇವತ್ತಿಗೂ ಎಂಟೇ.

ಈ ಸಲದ ಆಯುಧ ಪೂಜೆಗೆ ಹೋಗಿದ್ದೆ. ಹಾರ ಯುಪಿಎಸ್ ಮೇಲೆ ಬಿದ್ದಿತ್ತು. ಸರ್ವರಿಗೆ ಒಂದು ಬೊಟ್ಟು ಕುಂಕುಮ, ದೀಪಕ್ಕೆ ತಾಗದಂತೆ, ನಾಲ್ಕು ಬೆರಳು ಬಿಟ್ಟು.